ಅಲುಗದ ಎಳೆ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ‘ಅಂಟು’ ಎಂದೇ ಕರೆಯುತ್ತಿದ್ದರು. ಹಿಡಿದ ಕೆಲಸವನ್ನೂ ಬಿಡುವವಳಲ್ಲ, ಹಿಡಿದ ಹಗೆಯನ್ನೂ ಬಿಡುವವಳಲ್ಲ. ಲೋಳೆಯಂಥ ದ್ರವವನ್ನು ಸೂಜಿಯ ತುದಿಯಿಂದ ಉಪ್ಪುನೀರಿಗೆ ಇಳಿಸಿ, ಕೂದಲಿಗಿಂತ ತುಸು ದಪ್ಪನೆಯ ಮೆತ್ತನೆ ಎಳೆ ತೆಗೆಯುವುದು ಅವಳ ಕೆಲಸ. ಬಿಸಿನೀರಿಗೆ ಬಿಟ್ಟರೆ ಆ ಎಳೆ ಎರೆಹುಳದಂತೆ ಸುರುಳಿ ಸುತ್ತುತ್ತಿತ್ತು. ತಣ್ಣೀರಿನಲ್ಲಿ ಮತ್ತೆ ನೆಟ್ಟಗಾಗುತ್ತಿತ್ತು. ಮುಂದೊಂದು ದಿನ ಅದು ಒಡೆದ ರಕ್ತನಾಳದೊಳಗೆ ತಾನಾಗಿ ಮುದುಡಿ ರಕ್ತ ನಿಲ್ಲಿಸೀತು ಎಂಬುದು ಅವಳ ಆಸೆ. ಎಳೆಯನ್ನು ಸುರುಳಿ ಸುತ್ತಿಸುವಷ್ಟರಲ್ಲೇ ಅವಳ ತಲೆ ನೆರೆತಿತ್ತು.

ಪ್ರಯೋಗಾಲಯದ ಮುಖ್ಯಸ್ಥ ಅವಳ ಅಕ್ಕನ ಗಂಡ. ಎಳೆಯ ಸಂಶೋಧನೆ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದಾಗ ಅವನ ಹೆಸರೊಂದೇ ಇತ್ತು.

“ಮನೆಯವರಲ್ವಾ ನಾವು? ಯಾರ ಹೆಸರಿದ್ರೇನು?” ಎಂದ ಭಾವ.

ಅವಳು ನಕ್ಕಳು. ಅಕ್ಕನ ಮನೆಯಲ್ಲಿ ಉಂಡೂ ಬಂದಳು. ಹೊಟ್ಟೆಯೊಳಗಿನ ಕೆಂಡಕ್ಕೆ ಮಾತ್ರ ಬೂದಿ ಮುಚ್ಚಲು ಬಿಡಲಿಲ್ಲ.

ಬಿಸಿಗೆ ಜಪ್ಪಯ್ಯ ಎಂದರೂ ಅಲುಗದೆ, ಹುಳಿನೀರಿಗೆ ಮಾತ್ರ ಮುದುಡುವ ಇನ್ನೊಂದು ಬಗೆಯ ಎಳೆ ಅವಳ ಬಳಿಯಿತ್ತು. ನೋಡಲು ಎರಡೂ ಒಂದೇ. ವೈದ್ಯಕೀಯ ಉಪಕರಣದ ಕಂಪನಿಯವರು ಎಳೆ ನೋಡಲು ಬಂದ ದಿನ, ಭಾವ ತೋರಿಸಲೆಂದು ಗಾಜಿನ ತಟ್ಟೆಯಲ್ಲಿಟ್ಟಿದ್ದ ಎಳೆ ತೆಗೆದು ಇದನ್ನಿಟ್ಟಳು.

ಭಾವ ಎಳೆಯನ್ನು ಬಿಸಿನೀರಿಗೆ ಬಿಟ್ಟ. ಅಲುಗಲಿಲ್ಲ. ಇನ್ನಷ್ಟು ಬಿಸಿನೀರು ಸುರಿದ, ಇಕ್ಕಳದಿಂದ ತಿವಿದ. ಬಂದವರಲ್ಲೊಬ್ಬ ಕೈಗಡಿಯಾರ ನೋಡಿಕೊಂಡ.

“ಯಾಕಮ್ಮಾ ಅಲ್ಲಾಡ್ತಿಲ್ಲ ಇದು?”

“ನನ್ನ ಕೇಳಿದ್ರೆ ಹೇಗೆ ಭಾವ? ಕಂಡುಹಿಡಿದವರು ನೀವಲ್ವಾ.”

ಸಂಜೆ ಅಕ್ಕ ಅವಳ ಮನೆಗೆ ಬಂದಳು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

“ನೀನೇ ಅಲ್ವಾ ಮಾಡಿದ್ದು?”

“ಹೌದು.”

“ನನ್ನ ನೆನಪಾಗ್ಲಿಲ್ವೇನೇ?”

“ಆಯ್ತು. ಆದ್ರೂ ಮಾಡ್ದೆ. ನನ್ನ ಹೆಸರು ತೆಗೆಯೋವಾಗ ಅವರಿಗೆ ನಿನ್ನ ನೆನಪಾಗಿತ್ತಾ ಅಕ್ಕ?”

ಅಕ್ಕ ಮೆಟ್ಟಿಲಿಳಿದು ಹೋದಳು.

ಕಂಪನಿಯವರು ಮತ್ತೆ ಬರಲಿಲ್ಲ. ಅವಳು ಬೇರೆ ಪ್ರಯೋಗಾಲಯ ಸೇರಿ, ಬೆಳಕಿಗೆ ಬಾಗುವ ಹೊಸ ಎಳೆ ತೆಗೆದಳು. ಈ ಸಲ ಅಚ್ಚಾದದ್ದು ಅವಳ ಹೆಸರು. ಸುದ್ದಿ ತಿಳಿದು ಭಾವ ಹುಡುಕಿಕೊಂಡು ಬಂದ.

“ಹಳೇದೆಲ್ಲ ಮರೆತುಬಿಡೋಣಮ್ಮ. ಇಬ್ರೂ ಸೇರಿ ಮಾಡೋಣ. ನಿನ್ನ ಹೆಸರೇ ಮೊದಲು ಇರಲಿ.”

ಅವಳು ಕಾಫಿ ತರಿಸಿದಳು. ದೀಪ ಹಾಕಿ ಎಳೆ ಬಾಗುವುದನ್ನು ತೋರಿಸಿದಳು. ಭಾವ ರೆಪ್ಪೆ ಮಿಟುಕಿಸದೆ ನೋಡಿದ.

“ಏನು ಬೆರೆಸಿದ್ದೀಯ ಇದಕ್ಕೆ?”

“ಕಾಫಿ ಆರ್ತಿದೆ, ಕುಡೀರಿ.”

ಕುಡಿದು ಎದ್ದುಹೋದ. ಅವನು ತಲೆ ತಗ್ಗಿಸಿ ಗೇಟು ದಾಟುವವರೆಗೂ ಅವಳು ಕಿಟಕಿ ಬಿಟ್ಟು ಕದಲಲಿಲ್ಲ.

ಆ ಸಂಜೆ ಹೋದ ಅಕ್ಕ ಇವತ್ತಿಗೂ ಮತ್ತೆ ಅವಳ ಮನೆಗೆ ಬಂದಿಲ್ಲ. ಆ ನೋವು ಅವಳಿಗಿದೆ. ಆದರೂ ಯಾರಾದರೂ ಕೆದಕಿದರೆ, “ಅದೇ ದಿನ ಮತ್ತೆ ಬಂದ್ರೆ ಅದೇ ಎಳೆ ಇಡ್ತೀನಿ” ಅನ್ನುತ್ತಾಳೆ.