ಮಾವನವರನ್ನು ಮೇಲೆತ್ತಿದ ಸೊಸೆಯರು

ಐಗಳಿ ಊರಿನ ಏರುದಾರಿಯಲ್ಲಿ ನಮ್ಮ ಚಕ್ಕಡಿಯ ಮೂತಿ ಒಮ್ಮೆಲೇ ಮೇಲೆದ್ದಿತು. ನೊಗದ ಜೊತೆ ಎತ್ತುಗಳ ಕೊರಳೂ ಮೇಲೆ, ಹಗ್ಗ ಹಿಡಿದು ಮುಂದೆ ಕುಳಿತಿದ್ದ ಕಡ್ಡಿಯಂಥ ಮಾವನವರೂ ಮೇಲೆ.

ಎಂಬತ್ತರ ದಶಕ, ಬಸುರಿ ನಾದಿನಿಯ ಕುಬಸಕ್ಕೆ ಹೊರಟಿದ್ದೆವು. ಮಾವನ ಸರಿಸಮ ಸೊಸೆ ಕೂರಬಾರದಲ್ಲ! ಹಾಗಾಗಿ ಅತ್ತೆ, ನಾವು ನಾಲ್ವರು ಸೊಸೆಯರು, ಹೋಳಿಗೆ ಬುಟ್ಟಿಗಳು ಎಲ್ಲ ಹಿಂದೆ. ಆಧಾರ ನಡುವೆ ಇದ್ದರೆ ಅದು ಮೊದಲ ವರ್ಗದ ಸನ್ನೆಕೋಲು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಗಾಲಿಯ ಅಚ್ಚೇ ಆಧಾರ, ನಾವೇ ಭಾರ ಎಂದು ಮಾಸ್ತರು ಹೇಳಿರಲಿಲ್ಲ.

ಕೊರಳಪಟ್ಟಿ ಬಿಗಿದು ಎತ್ತುಗಳ ಕಣ್ಣುಗುಡ್ಡೆಗಳು ಹೊರಬಂದವು. ನಾವು ಕೆಳಗೆ ಧುಮುಕಲು ಎದ್ದೆವು.

"ಯಾರೂ ಇಳೀಬ್ಯಾಡ್ರಿ! ಚಕ್ಕಡಿ ದಪ್ಪಂತ ಎತ್ತಿನ ಹೆಗಲ ಮ್ಯಾಲ ಬೀಳತೈತಿ!" ಮಾವನವರು ಮೇಲಿನಿಂದಲೇ ಚೀರಿದರು.

ಅತ್ತೆ ಎಲ್ಲರನ್ನೂ ಅಳೆದು ನೋಡಿ, ಮನೆಯ ಅತಿ ದಪ್ಪ ಸೊಸೆಯಾದ ನನ್ನ ಬೆನ್ನಿಗೆ ಗುದ್ದಿದರು. "ಸೆರಗ ಆಮ್ಯಾಲ ಸರಿ ಮಾಡ್ಕೊಳ್ಳುವಂತಿ, ಮದ್ಲ ಹೋಗಿ ಮಾವನ ಬಾಜೂಕ ಕುಂದ್ರ!"

ಅಂಬೆಗಾಲಿಡುತ್ತ ಹೋಗಿ ಮಾವನವರ ಪಕ್ಕ ಕುಳಿತೆ. ನೊಗ ಮೆಲ್ಲಗೆ ಇಳಿಯಿತು. ಎತ್ತುಗಳು ನಿರಾಳವಾಗಿ ಉಸಿರುಬಿಟ್ಟವು; ಮಾವನವರೂ.

ಅಂದಿನಿಂದ ಚಕ್ಕಡಿ ಹೂಡಿದಾಗಲೆಲ್ಲ ಮಾವನವರು ತಾವಾಗಿಯೇ ಸರಿದು ಪಕ್ಕದಲ್ಲಿ ಜಾಗ ಬಿಡುತ್ತಿದ್ದರು. ನನ್ನ ಮಾತಿಗೆ ಎಂದೂ ಬಗ್ಗದ ಆ ಮನೆಯ ರಿವಾಜು ನನ್ನ ತೂಕಕ್ಕೆ ಬಗ್ಗಿತ್ತು.