ಮೊದಲ ವೀಳ್ಯ ಯಾವ ಕಂಪೈಲರಿಗೆ?

ಕಳೆದ ಭಾನುವಾರ, ನಂಜನಗೂಡಿನ ನನ್ನ ಮನೆಯಲ್ಲೇ, ನನ್ನದೇ ಕಂಪ್ಯೂಟರು ನನ್ನ ಮಾನ ಕಳೆಯಿತು. ಅದೂ ಯಾರ ಮುಂದೆ? ನನ್ನ ಷಡ್ಡಕ ಗುರುಮಲ್ಲಪ್ಪನವರ ಮುಂದೆ!

ಗುರುಮಲ್ಲಪ್ಪನವರಿಗೆ ತಿ. ನರಸೀಪುರದಲ್ಲಿ ಗೊಬ್ಬರದಂಗಡಿ ಇದೆ. ಅದರ ಮೇಲಿನ ಮಹಡಿಯನ್ನು ಕಂಪ್ಯೂಟರ್ ಕ್ಲಾಸಿನವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಕಂಪ್ಯೂಟರಿಗೂ ಅವರಿಗೂ ಇರುವ ನಂಟು ಇಷ್ಟೇ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಆದರೆ ನನ್ನ ಶ್ರೀಮತಿಯ ಅಕ್ಕನ ಗಂಡ. (ಈ ಒಂದು ‘ಆದರೆ’ಯಿಂದ ನಾನು ಅನುಭವಿಸಿದ್ದನ್ನೆಲ್ಲ ಬರೆಯಲು ಈ ಅಂಕಣದ ಜಾಗ ಸಾಲದು.)

ಸರ್ವೇ ಇಲಾಖೆಯಿಂದ ನಿವೃತ್ತನಾದ ಮೇಲೆ ನಾನು ಸಿ ಭಾಷೆ ಕಲಿತೆ. ಎಕರೆ, ಗುಂಟೆ ಕೂಡುವ ಪ್ರೋಗ್ರಾಮ್ ಬರೆದೆ. ನಲವತ್ತು ಗುಂಟೆಗೆ ಒಂದು ಎಕರೆ ಎಂಬುದು ಕ್ಯಾಲ್ಕ್ಯುಲೇಟರಿಗೆ ಗೊತ್ತಿಲ್ಲ, ನೋಡಿ. ಹೀಗೆ ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡಲು ಕಂಪೈಲರ್ ಎಂಬುದೊಂದು ಬೇಕು. ಅದನ್ನು ಮಹಡಿಯ ಮೇಲಿನವರಿಂದ ಫ್ಲಾಪಿಗೆ ಹಾಕಿಸಿ ತಂದುಕೊಟ್ಟವರು ಗುರುಮಲ್ಲಪ್ಪನವರು.

ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ಮದುವೆಯಿರಲಿ, ನಾಮಕರಣವಿರಲಿ, ಅವರದು ಒಂದೇ ಮಾತು: “ನಮ್ ಸರ್ವೇಯರ್ ಸಾಹೇಬ್ರ ಕಂಪ್ಯೂಟ್ರಿಗೆ ಸಿ ಆಕ್ಸಿದ್ದು ನಾನೇ ಕಣ್ರಪ್ಪಾ!”

ಒಂದು ಫ್ಲಾಪಿಗೆ ಇಷ್ಟು ಡಂಗುರವೇ?

ಈ ಹಂಗು ಹರಿದುಕೊಳ್ಳಲೇಬೇಕಿತ್ತು. ಮೈಸೂರಿನಲ್ಲಿ ಒಂದು ಕಂಪ್ಯೂಟರ್ ಪತ್ರಿಕೆ ಕೊಂಡೆ. ಅದರ ಜೊತೆ ಬಂದ ಸಿ.ಡಿ.ಯಲ್ಲಿ ಬೇರೊಂದು ಕಂಪೈಲರ್ ಇತ್ತು. ಉಚಿತ, ಪುಟ್ಟದು, ಯಾವ ಷಡ್ಡಕನ ಕೈಯಿಂದಲೂ ಬಂದುದಲ್ಲ. ಸೂಚನೆಗಳಲ್ಲಿ ಇದ್ದಂತೆಯೇ, ಒಂದಕ್ಷರವೂ ತಪ್ಪದಂತೆ ಸ್ಥಾಪಿಸಿದೆ. ಹಳೆಯದನ್ನು ಮಾತ್ರ ಅಳಿಸಲಿಲ್ಲ. ಗುರುಮಲ್ಲಪ್ಪನವರನ್ನು ಊಟಕ್ಕೆ ಕರೆದು, ಅವರ ಕಣ್ಣೆದುರೇ ಅಳಿಸಬೇಕೆಂಬುದು ನನ್ನ ಸಂಕಲ್ಪ.

ವಿಚಿತ್ರವೆಂದರೆ, ಹಳತು ಹೊಸತು ಎರಡನ್ನೂ ಕರೆಯಬೇಕಾದದ್ದು ‘ಟಿಸಿಸಿ’ ಎಂಬ ಒಂದೇ ಹೆಸರಿನಿಂದ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮೂರಿನಲ್ಲಿ ನಂಜುಂಡಸ್ವಾಮಿ ಎಂದು ಕೂಗಿದರೆ ಬೀದಿಗೆ ಬೀದಿಯೇ ತಿರುಗಿ ನೋಡುವುದಿಲ್ಲವೇ?

ಭಾನುವಾರ ಬಂದರು. ಕುಳಿತರು. “ಇದು ನಾನೇ ತಂದು ನಾನೇ ಹಾಕಿದ ಕಂಪೈಲರ್. ಯಾರ ಹಂಗೂ ಇಲ್ಲ” ಎಂದು ಸಾರಿ, ಟಿಸಿಸಿ ಎಂದು ಒತ್ತಿದೆ.

ಪರದೆಯ ಮೇಲೆ ಹಳೆಯ ಕಂಪೈಲರಿನ ಹೆಸರು ಅಂಗಡಿಯ ಬೋರ್ಡಿನಂತೆ ಮೂಡಿತು!

ಗುರುಮಲ್ಲಪ್ಪನವರು ಕನ್ನಡಕ ಏರಿಸಿದರು. “ಇದು ನಮ್ ಮಹಡೀದೇ ಅಲ್ವಾ ಸಾಹೇಬ್ರೇ? ಬಾಡ್ಗೆ ಕೇಳಕ್ಕೆ ಓದಾಗೆಲ್ಲ ಅಲ್ಲಿನ ಪರದೆ ಮೇಲೂ ಇದೇ ಬೋರ್ಡು ಕಾಣ್ತದೆ.”

“ಅಲ್ಲ, ಇದು ಬೇರೆ” ಎಂದು ಮತ್ತೆ ಒತ್ತಿದೆ. ಮತ್ತೆ ಅದೇ ಬೋರ್ಡು.

“ಓಗ್ಲಿ ಬುಡಿ. ನಂದಾದ್ರೇನು, ನಿಮ್ದಾದ್ರೇನು? ನಾನೇನ್ ವಾಪಸ್ ಕೇಳಿದ್ನಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಔದಾರ್ಯವನ್ನು ತಡೆದುಕೊಳ್ಳುವುದು ಹೇಗೆ?

ಸಿ.ಡಿ.ಯ ಸೂಚನೆಗಳನ್ನು ಮತ್ತೆ ತೆರೆದೆ. ಕಂಪ್ಯೂಟರಿನೊಳಗೆ ‘ಪಾತ್’ ಎಂಬ ಒಂದು ಸಾಲಿದೆಯಂತೆ. ಯಾವ ಫೋಲ್ಡರಿನ ನಂತರ ಯಾವುದು ಎಂಬ ಸರದಿ. ಹೆಸರು ಹಿಡಿದು ಕರೆದರೆ ಆ ಸರದಿಯಲ್ಲೇ ಹುಡುಕುತ್ತದೆ. ಮೊದಲು ಸಿಕ್ಕವರಿಗೆ ಕೆಲಸ ಒಪ್ಪಿಸುತ್ತದೆ. ಹಿಂದೆ ಯಾರಿದ್ದಾರೆಂದು ಕತ್ತೆತ್ತಿಯೂ ನೋಡುವುದಿಲ್ಲ. ಗುರುಮಲ್ಲಪ್ಪನವರ ಕಂಪೈಲರು ಮುಂದಿತ್ತು. ನನ್ನದು ಕೊನೆಯಲ್ಲಿತ್ತು.

ನನಗೆ ಹುಲ್ಲಹಳ್ಳಿಯ ನಿಶ್ಚಿತಾರ್ಥ ನೆನಪಾಯಿತು. (ಮರೆತಿದ್ದರಲ್ಲವೇ ನೆನಪಾಗುವುದು!) ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದವನು ನಾನು. ಕೈ ತೊಳೆದು ಬರುವಷ್ಟರಲ್ಲಿ ಅಲ್ಲಿ ಗುರುಮಲ್ಲಪ್ಪನವರು ಆಸೀನರು. ತಟ್ಟೆ ಹಿಡಿದು ಬಂದವನು ಮೊದಲ ವೀಳ್ಯವನ್ನು ಆ ಕುರ್ಚಿಗೆ ಕೊಟ್ಟು, “ಹಿರೀಕರದ್ದು ಆಯ್ತು” ಎಂದು ಹೊರಟೇಹೋದ. ಹಿಂದೆ ನಿಂತಿದ್ದ ಹಿರೀಕ ನಾನು!

ಹುಲ್ಲಹಳ್ಳಿಯಲ್ಲಿ ಆಗದ್ದನ್ನು ಇಲ್ಲಿ ಮಾಡಿದೆ. ನನ್ನ ಫೋಲ್ಡರನ್ನು ಮುಂದಿನ ಕುರ್ಚಿಗೆ ತಂದೆ. ಅವರದನ್ನು ಹಿಂದಕ್ಕೆ ಅಟ್ಟಿದೆ. ಹೊಸ ಕಿಟಕಿ ತೆರೆದು ಟಿಸಿಸಿ ಎಂದೆ. ಬೋರ್ಡು ಮಾಯ! ಎರಡು ಎಕರೆ ಮೂವತ್ತು ಗುಂಟೆಗೆ ಒಂದು ಎಕರೆ ಇಪ್ಪತ್ತು ಗುಂಟೆ ಕೂಡಿಸಿದೆ. ನಾಲ್ಕು ಎಕರೆ ಹತ್ತು ಗುಂಟೆ ಎಂದು ಬಂತು.

“ನೋಡಿದಿರಾ?”

“ಬೋರ್ಡೇ ಇಲ್ವಲ್ಲ ಸಾಹೇಬ್ರೇ! ಯಾರ್ದು ಅಂತ ಗೊತ್ತಾಗದೆಂಗೆ?”

ಉತ್ತರವಾಗಿ ಹಳೆಯದನ್ನು ಅಳಿಸಲು ಬೆರಳೆತ್ತಿದೆ. ಅಷ್ಟರಲ್ಲಿ ಶ್ರೀಮತಿ ಒಳಗಿನಿಂದ ಕೂಗಿದಳು: “ರೀ, ಎಲೆ ಹಾಕಾಯ್ತು. ಆ ಡಬ್ಬದ ಮುಂದಿಂದ ಏಳ್ತೀರೋ ಇಲ್ವೋ?”

ಅಳಿಸುವುದು ಊಟದ ನಂತರ ಎಂದುಕೊಂಡು ಎದ್ದೆ. ಪಾಠ ಕಲಿತವನಲ್ಲವೇ? ಓಡಿಹೋಗಿ ಮೊದಲ ಎಲೆಯ ಮುಂದೆ ಕುಳಿತೆ. ಗುರುಮಲ್ಲಪ್ಪನವರು ಪಕ್ಕದಲ್ಲಿ ಕುಳಿತರು. ಶ್ರೀಮತಿ ಒಬ್ಬಟ್ಟಿನ ತಟ್ಟೆ ಹಿಡಿದು ಬಂದಳು. ನನ್ನ ಎಲೆಯನ್ನು ದಾಟಿದಳು. “ಭಾವಾ, ಬಿಸೀದು, ಮೊದ್ಲು ನೀವು ಹಾಕಿಸ್ಕೊಳಿ.”

ಕಂಪ್ಯೂಟರಿನ ಪಾತ್ ಸರಿಪಡಿಸಿದ್ದೇನೆ. ಅಡುಗೆಮನೆಯ ಪಾತ್ ಎಲ್ಲಿರುತ್ತದೆಂದು ಬಲ್ಲವರು ಯಾರಾದರೂ ತಿಳಿಸುವಿರಾ?