ದೇವಿದಾಸ ಮಾಮ ಕಾಯುತ್ತಿದ್ದ ಉತ್ತರ

ಕಾರವಾರದ ಕೇಬಲ್ ಟೀವಿಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ ದೇವಿದಾಸ ಮಾಮ ಇನ್ನೂ ಇದ್ದಾನೆಂಬ ಸುದ್ದಿಯನ್ನು ಚಂದನಾಳಿಗೆ ತಂದವಳು ಮೀನು ಮಾರುವ ಮಾದಿ. ಹಬ್ಬುವಾಡದ ಅವಳ ಮನೆಯ ಗೇಟಿನೆದುರು ಬುಟ್ಟಿ ಇಳಿಸಿ, "ನಮ್ಮ ಹಾರವಾಡದವ್ರೇ ಅಲ್ದಾ ಬಾಯಿ. ಈಗ ಜಗಲಿ ಮೇಲೆ ಕೂತು ಹರಿದ ಬಲೆ ಹೊಲಿಯೂದೇ ಕೆಲ್ಸ," ಎಂದಿದ್ದಳು.

ಅಂದಿನಿಂದ ಚಂದನಾಳಿಗೆ ಅದೊಂದೇ ಧ್ಯಾನ. ಮಗ ಆಶಿಷನಿಗೆ ನಾಲ್ಕು ತುಂಬುತ್ತ ಬಂದಿತ್ತು, ಬಾಯಿಂದ ಒಂದು 'ಅಮ್ಮ' ಹೊರಟಿರಲಿಲ್ಲ. ಕಿವಿಯಲ್ಲಿ ದೋಷವಿರಲಿಲ್ಲ. ಕರೆದರೆ ಮಾತ್ರ ತಿರುಗುತ್ತಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಇದಕ್ಕೊಂದು ಹೆಸರು ಹೇಳಿದ್ದರು. ಆ ಹೆಸರನ್ನು ಅವಳು ಗಂಡ ಸತೀಶನಿಗೆ ಅರ್ಧ ಹೇಳಿ ಅರ್ಧ ನುಂಗಿದ್ದಳು. ಹೈಸ್ಕೂಲಿನಿಂದ ಮುಂದಕ್ಕೆ ಪೇಟೆಯಲ್ಲೇ ಓದಿದವಳು, ಮೊಬೈಲಿನಲ್ಲಿ ಹುಡುಕಿ ಹುಡುಕಿ ದಿನಕ್ಕೊಂದು ಹೊಸ ಹೆದರಿಕೆ ಕಲಿಯುತ್ತಿದ್ದಳು. ಬಸುರಿಯಿದ್ದಾಗ ನುಂಗಿದ ಜ್ವರದ ಮಾತ್ರೆ ಕಾರಣವೇ? ಊಟ ಮಾಡಿಸಲು ಮೊಬೈಲು ಹಿಡಿಸಿದ್ದು ಕಾರಣವೇ?

"ಸತೀಶನೂ ತಡವಾಗೇ ಮಾತಾಡಿದ್ದು," ಎನ್ನುತ್ತಿದ್ದರು ಅತ್ತೆ ಕಾಶಿ. "ಈಗ ಅವ್ನ ಬಾಯಿ ಮುಚ್ಸೂಕೆ ಆಗ್ತದಾ ನಿಂಗೆ?"

ಚಂದನಾ ನಗುತ್ತಿರಲಿಲ್ಲ. ಅವಳ ನೆನಪು ಹಳೆಯ ಭಾನುವಾರಗಳಿಗೆ ಹೋಗುತ್ತಿತ್ತು. ಒಂದು ನೀಲಿ ಪರದೆ, ಒಂದು ಪ್ಲಾಸ್ಟಿಕ್ ಕುರ್ಚಿ, ಎಣ್ಣೆ ಹಚ್ಚಿ ಬಾಚಿದ ತಲೆಯ ದೇವಿದಾಸ ಮಾಮ. ಕುಣಿತವಿಲ್ಲ, ಕೂಗಾಟವಿಲ್ಲ. ತುಸು ಮುಂದೆ ಬಾಗಿ, "ಇವತ್ತು ಮನೇಲಿ ಯಾವ ಮೀನು, ಪುಟ್ಟಾ?" ಎಂದು ಕೇಳಿ ಸುಮ್ಮನಾಗುತ್ತಿದ್ದ. ಕಾಯುತ್ತಿದ್ದ. ಟೀವಿ ಕೆಟ್ಟಿತೇನೋ ಎಂದು ದೊಡ್ಡವರು ಎದ್ದು ಬರುವಷ್ಟು ಹೊತ್ತು ಕಾಯುತ್ತಿದ್ದ. ಮನೆಗೆ ಯಾರೇ ಬಂದರೂ ಬಾಗಿಲ ಹಿಂದೆ ಅಡಗುತ್ತಿದ್ದ ಪುಟ್ಟ ಚಂದನಾ ಆ ಮೌನದೊಳಗೆ ಮೆಲ್ಲಗೆ, "ಬಂಗಡೆ," ಎನ್ನುತ್ತಿದ್ದಳು. "ಹಾಂ, ಬಂಗಡೆಯಾ," ಎಂದು ಅವನು ತಲೆಯಾಡಿಸುತ್ತಿದ್ದ. ಮಾಮನಿಗೆ ತನ್ನ ಮಾತು ಕೇಳಿಸುತ್ತದೆ ಎಂದು ಅವಳು ಅಮ್ಮನ ತಲೆ ಮುಟ್ಟಿ ಆಣೆ ಹಾಕಿದ್ದಳು.

ತನ್ನ ಬಾಯಿ ಬಿಡಿಸಿದವನು ಮಗನ ಬಾಯಿಯನ್ನೂ ಬಿಡಿಸಿಯಾನು. ನಾಲ್ಕು ಜನರೆದುರು ಹೇಳಿಕೊಳ್ಳುವ ಆಸೆಯಲ್ಲ ಇದು. ಅತ್ತೆಗೆ ಅಂಕೋಲೆಯ ಗೆಳತಿಯ ಮನೆಗೆ ಎಂದು ಹೇಳಿ, ಮಗನನ್ನು ಎತ್ತಿಕೊಂಡು ಹಾರವಾಡಕ್ಕೆ ಬಸ್ಸು ಹತ್ತಿದಳು.

ಹಾರವಾಡದ ಆ ಜಗಲಿಯಲ್ಲಿ ಬಲೆ ಹರಡಿಕೊಂಡು ಕೂತಿದ್ದ ಮುದುಕನ ಗುರುತು ಅವಳಿಗೆ ಮೊದಲು ಸಿಗಲಿಲ್ಲ. "ಕೂತ್ಕೋ ತಂಗಿ," ಎಂದಾಗ ಸಿಕ್ಕಿತು. ದನಿ ಅದೇ. ಅವನ ಪಕ್ಕದಲ್ಲಿ ಚಂದನಾಳದೇ ವಯಸ್ಸಿನ ಒಬ್ಬಳು ಗೋಡೆಗೊರಗಿ ನೂಲು ಸುತ್ತುತ್ತಿದ್ದಳು, ತಲೆಯೆತ್ತಲಿಲ್ಲ. ಆಶಿಷ ನೆಲದ ಮೇಲಿದ್ದ, ಬಲೆಯನ್ನು ತೇಲಿಸುವ ಬೆಂಡೊಂದನ್ನು ಹಿಡಿದು ಗರಗರ ತಿರುಗಿಸತೊಡಗಿದ.

ದೇವಿದಾಸನ ಹೆಂಡತಿ ಗಂಗೂ ಚಹಾ ತಂದವಳು ಗಂಡನ ಚರಿತ್ರೆಯನ್ನು ತಾನೇ ಬಿಚ್ಚಿದಳು. "ಹಾರವಾಡದಲ್ಲಿ ಹುಟ್ಟಿ ದೋಣಿ ಹತ್ತಿದ ಕೂಡ್ಲೇ ವಾಂತಿ ಮಾಡೂ ಗಂಡಸು ಇವ್ರೊಬ್ರೇ ನೋಡು. ಅದ್ಕೇ ಕಾರವಾರಕ್ಕೆ ಹೋಗಿ ಕೇಬಲ್ ವಾಯರು ಎಳೆಯೂಕೆ ನಿಂತ್ರು. ಒಂದಿನ ಸುದ್ದಿ ಓದೂ ಹುಡುಗ ಬರ್ಲಿಲ್ಲ. ಇವ್ರನ್ನ ಕೂರ್ಸಿದ್ರೆ ಸುದ್ದಿ ಬಿಟ್ಟು ಮಕ್ಕಳ ಹತ್ರ ಮಾತಾಡ್ತಾ ಕೂತ್ರು."

"ಕನ್ನಡಕ ಮನೇಲಿ ಬಿಟ್ಟಿದ್ದೆ," ಎಂದ ದೇವಿದಾಸ. "ಸುದ್ದಿ ಓದೂಕೆ ಕಾಣ್ಬೇಕಲ್ಲ."

ಜನಕ್ಕೆ ಹಿಡಿಸಿತು, ಭಾನುವಾರ ಅವನದಾಯಿತು. ಆಮೇಲೆ ಮನೆಮನೆಗೆ ಡಿಶ್ ಬಂದು ಕೇಬಲ್ ಆಫೀಸಿಗೆ ಬೀಗ ಬಿತ್ತು. ಅವನ ಕ್ಯಾಸೆಟ್ಟುಗಳ ಮೇಲೆ ಯಾರಯಾರದೋ ಮದುವೆಗಳನ್ನು ತುಂಬಿಕೊಂಡಿದ್ದರಂತೆ, ಒಂದೂ ಉಳಿದಿರಲಿಲ್ಲ.

"ನಾನು ಬಂಗಡೆ ಅಂದ್ರೆ ನೀವೂ ಬಂಗಡೆ ಅಂತಿದ್ರಿ ಮಾಮಾ," ಎಂದಳು ಚಂದನಾ. "ಹೇಗೆ ಗೊತ್ತಾಗ್ತಿತ್ತು?"

"ಶನಿವಾರ ಸಂಜೆ ದೋಣಿ ಎಂತ ತಂದದೆ ಅಂತ ನೋಡ್ಕಂಡಿರೂದು. ಬಂಗಡೆ ಬಿದ್ದ ವಾರ ಊರೆಲ್ಲ ಬಂಗಡೆಯೇ ಅಲ್ದಾ."

"ಭಟ್ರ ಮನೆ ಮಕ್ಳಿಗೂ ಬಂಗಡೆಯೇ ತಿನ್ಸಿದ್ರು ಇವ್ರು," ಎಂದಳು ಗಂಗೂ.

ಚಂದನಾ ಎಷ್ಟೋ ದಿನದ ಮೇಲೆ ನಕ್ಕಳು. ನಗುತ್ತಲೇ, "ಆದ್ರೆ ಕಾಯ್ತಿದ್ರಲ್ಲ," ಎಂದಳು. "ನನಗೆ ಧೈರ್ಯ ಬರೋ ತನಕ ಕಾಯ್ತಿದ್ರಿ. ಅದು ಹೇಗೆ?"

ದೇವಿದಾಸ ನೂಲು ಸುತ್ತುವವಳ ಕಡೆ ನೋಡಿದ. "ಅದು ಇವಳಿಗೆ. ನನ್ನ ಮಗಳು, ರಕ್ಷಿತಾ. ಮನೇಲಿ ಬಿಟ್ರೆ ಸಮುದ್ರದ ಬದಿಗೆ ಓಡ್ತಿದ್ಲು. ಅದ್ಕೆ ಕರ್ಕಂಡು ಹೋಗಿ ಕೆಮೆರಾದ ಹಿಂದೆ ಕೂರಿಸ್ತಿದ್ದೆ. ಇವಳ ಹತ್ರವೇ ಕೇಳೂದು. ಇವತ್ತು ಹೇಳ್ತಾಳೇನೋ ಅಂತ ಕಾಯೂದು. ಕೆಮೆರಾ ಹುಡುಗ ಮುಂದೆ ಹೋಗಿ, ಮುಂದೆ ಹೋಗಿ ಅಂತ ಕೈ ಮಾಡ್ತಿದ್ದ. ಕಡೆಗೆ ನಾನೇ 'ಹಾಂ' ಅಂದುಬಿಡ್ತಿದ್ದೆ."

ಚಂದನಾ ಚಹಾ ಲೋಟ ಕೆಳಗಿಟ್ಟಳು. ಊರಿನ ಮಕ್ಕಳೆಲ್ಲ ತಮಗೆಂದು ಹಂಚಿಕೊಂಡಿದ್ದ ಆ ಮೌನ ಅವರಾರಿಗೂ ಸೇರಿದ್ದಾಗಿರಲಿಲ್ಲ. ಕೇಳಬಾರದೆಂದು ಗೊತ್ತಿದ್ದೂ ಕೇಳಿದಳು. "ರಕ್ಷಿತಾ ಆಮೇಲೆ ಯಾವಾಗ ಮಾತಾಡಿದ್ರು?"

ಗಂಗೂ ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

"ಇಲ್ಲ ತಂಗಿ," ಎಂದ ದೇವಿದಾಸ.

ಸ್ವಲ್ಪ ಹೊತ್ತು ಬಲೆ ಹೊಲಿದ. ಅವಳು ಏಕೆ ಬಂದಿದ್ದಾಳೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸೂಜಿ ಕೆಳಗಿಟ್ಟ, ಆಶಿಷನೆದುರು ತುಸು ಬಾಗಿದ. "ಇವತ್ತು ಮನೇಲಿ ಯಾವ ಮೀನು, ಪುಟ್ಟಾ?"

ಕಾದ.

ಆಶಿಷ ಬೆಂಡು ತಿರುಗಿಸುತ್ತಿದ್ದ. ಉತ್ತರ ಚಂದನಾಳ ನಾಲಿಗೆಯ ತುದಿಗೇ ಬಂದಿತ್ತು. ಮಗನ ಬದಲಾಗಿ ಎಲ್ಲ ಕಡೆ ಅವಳೇ ಉತ್ತರ ಹೇಳಿ ಅಭ್ಯಾಸ. ತುಟಿ ಕಚ್ಚಿಕೊಂಡಳು. ನೂಲು ಸುತ್ತುತ್ತಿದ್ದ ರಕ್ಷಿತಾ ಕೈ ನಿಲ್ಲಿಸಿ ಅಪ್ಪನ ಬಾಯಿಯನ್ನೇ ನೋಡತೊಡಗಿದಳು, ಆ ಪ್ರಶ್ನೆ ತನ್ನದೆಂಬಂತೆ. ಮಾಮ ಒಮ್ಮೆ 'ಹಾಂ' ಅಂದುಬಿಡಲಿ ಎಂದು ಚಂದನಾ ಮನಸ್ಸಿನಲ್ಲೇ ಬೇಡಿಕೊಂಡಳು.

ಈ ಸಲ ಅವನು ಅನ್ನಲಿಲ್ಲ. ಸೂಜಿ ಎತ್ತಿಕೊಂಡ.

ಹೊರಡುವಾಗ ಗಂಗೂ ಒಣಮೀನಿನ ಪೊಟ್ಟಣ ಕೊಟ್ಟಳು. "ಇನ್ನೊಂದು ಮಗು ಉಂಟಾ ನಿಂಗೆ?"

"ಇಲ್ಲ."

"ಮಾಡ್ಕೋ. ನಾವು ಇವಳೊಬ್ಬಳೇ ಸಾಕು ಅಂದಿದ್ದು. ಈಗ ರಾತ್ರಿ ನಿದ್ದೆ ಬರೂದಿಲ್ಲ ನಂಗೆ."

ಹೆದ್ದಾರಿಯ ಬದಿಯಲ್ಲಿ ಬಸ್ಸಿಗೆ ನಿಂತಾಗ ಚಂದನಾಳ ತಲೆಯಲ್ಲಿ ಏನೂ ಇರಲಿಲ್ಲ, ಹೆದರಿಕೆ ಕೂಡ. ಮುಂದಿನ ಮೂವತ್ತು ವರ್ಷಗಳನ್ನು ಆ ಜಗಲಿಯಲ್ಲಿ ನೋಡಿ ಬಂದಾಗಿತ್ತು. ಆಶಿಷನ ಮುಷ್ಟಿಯಲ್ಲಿ ಆ ಬೆಂಡು ಹಾಗೇ ಉಳಿದಿತ್ತು. ಅವಳು ಮಣ್ಣಿನಲ್ಲೇ ಮೊಣಕಾಲೂರಿ ಅವನ ಮುಖಕ್ಕೆ ಮುಖ ಕೊಟ್ಟಳು. "ಇವತ್ತು ಮನೇಲಿ ಯಾವ ಮೀನು, ಪುಟ್ಟಾ?"

ಬಸ್ಸು ಬಂದು ನಿಂತಿತು. "ಹತ್ತೂದಾದ್ರೆ ಹತ್ತಿ ಬಾಯಿ," ಎಂದ ಕಂಡಕ್ಟರ್. ಅವಳು ತಿರುಗಲಿಲ್ಲ. ಅವನು ಸೀಟಿ ಊದಿದ. ಬಸ್ಸು ಹೋಯಿತು.

ಆಶಿಷ ಬೆಂಡನ್ನು ತಿರುಗಿಸುತ್ತಿದ್ದ. ಅವಳು ಹಾಗೇ ಕೂತಿದ್ದಳು.